ಒಂದು ಡಿಶ್, ನಾಲ್ಕು ಕೋಣೆ



ಹಾಲ್‌ಗೆ ಹೊಸ ಟೀವಿ ಬಂದರೆ ಹಳೆಯ ಟೀವಿ ಎಲ್ಲಿಗೆ ಹೋಗುತ್ತದೆ? ಯಾವ ಊರಿನಲ್ಲಿ ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ. ಅಜ್ಜಿಯ ಕೋಣೆಗೆ ಹೋಗುತ್ತದೆ, ಇಲ್ಲವೇ ಮಹಡಿಗೆ, ಅದೂ ಅಲ್ಲದಿದ್ದರೆ ಅಡುಗೆಮನೆಯ ಪಕ್ಕದ ಊಟದ ಜಾಗಕ್ಕೆ. ಟೀವಿಯನ್ನು ಎತ್ತಿಕೊಂಡು ಹೋಗಿ ಇಡುವುದು ಐದು ನಿಮಿಷದ ಕೆಲಸ. ಅದರಲ್ಲಿ ಚಿತ್ರ ಬರಿಸುವುದು ಮಾತ್ರ ಹಲವು ಮನೆಗಳಲ್ಲಿ ತಿಂಗಳುಗಟ್ಟಲೆ ಎಳೆದಾಡುವ ಕೆಲಸ. ಹಾಲ್‌ಗೆ ಹೊಸ ವೈರ್, ಹೊಸ ಬಾಕ್ಸ್, ಗೋಡೆಗೆ ಅಂದವಾದ ಸ್ಟ್ಯಾಂಡ್ ಎಲ್ಲವೂ ಆಗುತ್ತದೆ. ಒಳಕೋಣೆಗೆ ಉಳಿದ ವೈರಿನ ತುಂಡು, ಟೇಪು ಸುತ್ತಿದ ಜಾಯಿಂಟು, ಅರ್ಧ ಒತ್ತುವ ರಿಮೋಟು ಬರುತ್ತವೆ. ಹಗಲೆಲ್ಲ ಆ ಕೋಣೆ ಬಿಟ್ಟು ಹೊರಗೆ ಬಾರದವರು ಮನೆಯಲ್ಲಿ ಅತಿ ಹೆಚ್ಚು ಹೊತ್ತು ಟೀವಿ ನೋಡುವವರು. ಅವರಿಗೆ ಸಿಗಬೇಕಾದದ್ದು ಮನೆಯ ಅತ್ಯುತ್ತಮ ವೈರು. ಅದು ಯಾಕೆ, ಹೇಗೆ ಎಂಬುದೇ ಈ ಮಾತಿನ ವಿಷಯ.

ಉಪಗ್ರಹದಿಂದ ನೇರವಾಗಿ ಟೀವಿ ನೋಡುವುದು ಕರ್ನಾಟಕಕ್ಕೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಭಾರತ ಒಂದು ವರ್ಷ ಬಳಸಿಕೊಂಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂತು. ನಮ್ಮ ಕಡೆ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ಆ ಬಿಸಿಲುನಾಡಿನ ರೈತರು ಆಕಾಶದಿಂದ ಇಳಿದ ಕನ್ನಡ ಕಾರ್ಯಕ್ರಮ ನೋಡಿದ್ದರು. ಕೋಳಿ ಬಲೆಯಂಥ ತಂತಿಯ ಜಾಲರಿಯಿಂದ ಮಾಡಿದ ಸುಮಾರು ಹತ್ತು ಅಡಿ ಅಗಲದ ಆಂಟೆನಾ. ಹಳ್ಳಿಗೆ ಒಂದೇ ಟೀವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರವರಿಗೆ ಎರಡೂವರೆ ಗಂಟೆ. ಊರಿಗೆ ಒಂದು ಟೀವಿ ಎಂಬಲ್ಲಿಂದ ಕೋಣೆಗೊಂದು ಟೀವಿ ಎಂಬಲ್ಲಿಗೆ ಬರಲು ನಾಲ್ಕು ದಶಕವೂ ಪೂರ್ತಿ ಬೇಕಾಗಲಿಲ್ಲ.

ನಡುವೆ ಆದದ್ದನ್ನು ಬೇಗ ಹೇಳಿಬಿಡಬಹುದು. 2003ರಲ್ಲಿ ಡಿಶ್ ಟೀವಿ ಬಂತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಸೇವೆ ಶುರುವಾಯಿತು. ಇಂದು ಅದರ ಹೆಸರು ಡಿಡಿ ಫ್ರೀ ಡಿಶ್. 2006ರಲ್ಲಿ ಟಾಟಾ ಸ್ಕೈ, 2007ರ ಕೊನೆಗೆ ಸನ್ ಡೈರೆಕ್ಟ್, 2008ರಲ್ಲಿ ಏರ್‌ಟೆಲ್, 2009ರಲ್ಲಿ ವಿಡಿಯೊಕಾನ್ ಡಿ2ಎಚ್. ಟಾಟಾ ಸ್ಕೈ 2022ರಲ್ಲಿ ಟಾಟಾ ಪ್ಲೇ ಆಯಿತು. ಹತ್ತು ಅಡಿಯ ಜಾಲರಿ ಎರಡಡಿಯ ತಟ್ಟೆಯಾಗಿ ತಾರಸಿಯ ಮೂಲೆಗೆ ಬಂದು ಕುಳಿತಿತು.

ಆ ತಟ್ಟೆ ಎಲ್ಲಿಗೆ ಮುಖ ಮಾಡಿದೆ ಎಂದು ಒಮ್ಮೆ ತಾರಸಿ ಹತ್ತಿ ನೋಡಬೇಕು. ಕರ್ನಾಟಕದಲ್ಲಿ ಹೆಚ್ಚಿನವು ಆಗ್ನೇಯದ ಕಡೆ ನೋಡುತ್ತವೆ. ಟೀವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವುದರಿಂದ, ಕೆಳಗಿನಿಂದ ನೋಡುವವರಿಗೆ ಒಂದೇ ಜಾಗದಲ್ಲಿ ನಿಂತಂತೆ ಇರುತ್ತವೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲೆ. 83 ಡಿಗ್ರಿಯಲ್ಲಿರುವ ಜಿಸ್ಯಾಟ್-24 ಇನ್ನೂ ಮೇಲೆ, ಸುಮಾರು 73 ಡಿಗ್ರಿ. ಹತ್ತಿರಹತ್ತಿರ ನೆತ್ತಿಯ ಮೇಲೇ ಎನ್ನಬಹುದು. ಲಂಡನ್ನಿನಲ್ಲಿ ನೆಲೆಸಿದ ಕನ್ನಡಿಗರ ಮನೆಯ ಡಿಶ್ ಅಲ್ಲಿನ ಮುಖ್ಯ ಉಪಗ್ರಹವನ್ನು ಹುಡುಕುವುದು ದಿಗಂತದಿಂದ ಬರೀ 25 ಡಿಗ್ರಿ ಮೇಲೆ. ಎದುರು ಮನೆಯ ಮರ ಬೆಳೆದರೆ ಅಲ್ಲಿ ಚಿತ್ರ ಹೋಗುತ್ತದೆ. ನಮ್ಮಲ್ಲಿ ಉಪಗ್ರಹ ಎತ್ತರದಲ್ಲಿರುವ ಕಾರಣ ಆ ತೊಂದರೆ ಕಡಿಮೆ. ತಾರಸಿಯ ನೀರಿನ ಟ್ಯಾಂಕು, ತೀರಾ ಪಕ್ಕದಲ್ಲಿ ಎದ್ದ ಕಟ್ಟಡ, ತೆಂಗಿನ ಗರಿ ಇವಷ್ಟನ್ನು ನೋಡಿಕೊಂಡರೆ ಸಾಕು.

ಇಲ್ಲಿ ಒಂದು ಹೆಮ್ಮೆಯ ಮಾತನ್ನೂ ಹೇಳಬೇಕು. ಮನೆಯ ಡಿಶ್ ಅಲ್ಲಾಡದೆ ಒಂದೇ ಕಡೆ ನೋಡುತ್ತಿದ್ದರೂ ಚಿತ್ರ ಬರುತ್ತಿರಬೇಕಾದರೆ ಮೇಲಿನ ಉಪಗ್ರಹವೂ ತನ್ನ ಜಾಗ ಬಿಟ್ಟು ಸರಿಯಬಾರದು. ಸೂರ್ಯ ಚಂದ್ರರ ಸೆಳೆತ ಅದನ್ನು ನಿಧಾನವಾಗಿ ಎಳೆಯುತ್ತಲೇ ಇರುತ್ತದೆ. ಇಸ್ರೋದ ಸ್ಥಿರ ಕಕ್ಷೆಯ ಉಪಗ್ರಹಗಳನ್ನು ಮತ್ತೆ ಮತ್ತೆ ಅವುಗಳ ಜಾಗಕ್ಕೆ ತಂದು ನಿಲ್ಲಿಸುವ ಕೆಲಸ ನಡೆಯುವುದು ನಮ್ಮ ಹಾಸನದಲ್ಲಿ. 1982ರಿಂದ ಅಲ್ಲಿರುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಈ ಕಾವಲು ಕಾಯುತ್ತಿದೆ. 2005ರಲ್ಲಿ ಭೋಪಾಲದ ಕೇಂದ್ರವೂ ಜೊತೆಯಾಯಿತು. 2022ರ ಜೂನ್‌ನಲ್ಲಿ ಹಾರಿದ, 4,180 ಕಿಲೋ ತೂಕದ ಜಿಸ್ಯಾಟ್-24 ಇಸ್ರೋದ ಕೂಸು. ಅದರ ಸಾಮರ್ಥ್ಯವನ್ನು ಡಿಟಿಎಚ್ ಸೇವೆಗೆಂದೇ ಗುತ್ತಿಗೆಗೆ ಕೊಡಲಾಯಿತು. ಅಷ್ಟು ದೂರದಿಂದ ಅಷ್ಟು ಶ್ರಮದಿಂದ ತಾರಸಿಯವರೆಗೆ ಬಂದ ಸಿಗ್ನಲ್, ತಾರಸಿಯಿಂದ ಅಜ್ಜಿಯ ಕೋಣೆಗೆ ಇರುವ ಕೊನೆಯ ಇಪ್ಪತ್ತು ಮೀಟರಿನಲ್ಲಿ ಸೋತುಹೋಗುತ್ತದೆ ಎಂದರೆ ಸಂಕಟವಾಗುತ್ತದೆ.

ಸೋಲುವುದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಎರಡನೇ ಕೋಣೆಯ ತಾಪತ್ರಯವೆಲ್ಲ ಇಲ್ಲೇ ಹುಟ್ಟುವುದು.

ಡಿಶ್ಶಿನ ಮುಂದೆ ಚಾಚಿದ ಕೈಯ ತುದಿಯಲ್ಲಿ ಪುಟ್ಟ ತಲೆಯೊಂದಿರುತ್ತದೆ. ಅದಕ್ಕೆ ಎಲ್‌ಎನ್‌ಬಿ ಎನ್ನುತ್ತಾರೆ. ತಟ್ಟೆಗೆ ಬಿದ್ದ ಸಿಗ್ನಲ್ ಅದರ ಬಾಯಿಗೆ ಬಂದು ಸೇರುತ್ತದೆ. ಆ ಸಿಗ್ನಲ್ ಬಹಳ ಕ್ಷೀಣ. ಎಲ್‌ಎನ್‌ಬಿ ಅದನ್ನು ಲಕ್ಷದಿಂದ ಹತ್ತು ಲಕ್ಷ ಪಟ್ಟು ಹಿಗ್ಗಿಸುತ್ತದೆ. ಜೊತೆಗೆ, ಸುಮಾರು 11 ರಿಂದ 12 ಗಿಗಾಹರ್ಟ್ಸ್‌ನಲ್ಲಿ ಬಂದ ಅಲೆಯನ್ನು ವೈರಿನಲ್ಲಿ ಸಾಗಬಲ್ಲಂತೆ 950 ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸುತ್ತದೆ. ಈ ಕೆಲಸಕ್ಕೆ ಬೇಕಾದ ಕರೆಂಟು ಟೀವಿಯ ಪಕ್ಕದ ಬಾಕ್ಸಿನಿಂದ ಅದೇ ವೈರಿನಲ್ಲಿ ಮೇಲಕ್ಕೆ ಹೋಗುತ್ತದೆ. ಕೆಳಗೆ ಚಿತ್ರ, ಮೇಲಕ್ಕೆ ಕರೆಂಟು, ಎರಡಕ್ಕೂ ಒಂದೇ ದಾರಿ.

ಆ ಕರೆಂಟೇ ಅಪ್ಪಣೆಯೂ ಹೌದು. ಉಪಗ್ರಹ ತನ್ನ ವಾಹಿನಿಗಳನ್ನು ಎರಡು ಬಗೆಯ ಅಲೆಗಳಲ್ಲಿ ಕಳಿಸುತ್ತದೆ, ನಿಂತ ಅಲೆ ಮತ್ತು ಮಲಗಿದ ಅಲೆ. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ನಿಂತ ಅಲೆಯ ವಾಹಿನಿಗಳನ್ನು ಕೊಡುತ್ತದೆ; 18 ವೋಲ್ಟ್ ಕಳಿಸಿದರೆ ಮಲಗಿದ ಅಲೆಯವನ್ನು. ಅದರ ಮೇಲೆ 22 ಕಿಲೋಹರ್ಟ್ಸ್‌ನ ಸಣ್ಣ ನಾದ ಸೇರಿಸಿದರೆ ಮೇಲಿನ ಪಟ್ಟಿಯ ವಾಹಿನಿಗಳು, ಸೇರಿಸದಿದ್ದರೆ ಕೆಳಗಿನ ಪಟ್ಟಿಯವು. ರಿಮೋಟಿನಲ್ಲಿ ಗುಂಡಿ ಒತ್ತಿದಾಗ ಬಾಕ್ಸ್ ಈ ಲೆಕ್ಕ ಹಾಕಿ ತಾರಸಿಗೆ ಅಪ್ಪಣೆ ಕಳಿಸುತ್ತದೆ.

ಈಗ ಒಂದೇ ವೈರನ್ನು ಐವತ್ತು ರೂಪಾಯಿಯ ಸ್ಪ್ಲಿಟರ್ ಹಾಕಿ ಎರಡು ಮಾಡಿ, ಎರಡು ಕೋಣೆಯ ಎರಡು ಬಾಕ್ಸಿಗೆ ಕೊಟ್ಟರು ಎನ್ನಿ. ಹಾಲ್‌ನ ಬಾಕ್ಸ್ 18 ವೋಲ್ಟ್ ಕೇಳುತ್ತದೆ, ಕೋಣೆಯ ಬಾಕ್ಸ್ 13 ಕೇಳುತ್ತದೆ. ಒಂದೇ ಬಸ್ಸು ಒಂದೇ ಹೊತ್ತಿಗೆ ಹುಬ್ಬಳ್ಳಿಗೂ ಮೈಸೂರಿಗೂ ಹೋಗಲಾರದು. ಎಲ್‌ಎನ್‌ಬಿ ಹೆಚ್ಚಿನ ವೋಲ್ಟೇಜಿನ ಮಾತು ಕೇಳುತ್ತದೆ. ಕೋಣೆಯ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ. ಹಾಲ್‌ನಲ್ಲಿ ಮೊಮ್ಮಗ ಚಾನೆಲ್ ಬದಲಿಸಿದಾಗಲೆಲ್ಲ ಒಳಗೆ ಅಜ್ಜಿಯ ಧಾರಾವಾಹಿ ಮಾಯವಾಗುತ್ತದೆ, ಮತ್ತೆ ಬರುತ್ತದೆ. ಕೆಲವು ಸ್ಪ್ಲಿಟರ್‌ಗಳು ಒಂದೇ ಕವಲಿನಲ್ಲಿ ಕರೆಂಟು ಹರಿಯಲು ಬಿಡುತ್ತವೆ. ಅಂಥ ಕಡೆ ರಾತ್ರಿ ಹಾಲ್‌ನ ಸ್ವಿಚ್ ಆರಿಸಿದರೆ ಕೋಣೆಯ ಟೀವಿಯೂ ಕಣ್ಣು ಮುಚ್ಚುತ್ತದೆ. ಮನೆಯವರು ಬಾಕ್ಸ್ ಹಾಳಾಗಿದೆ ಎಂದುಕೊಂಡು ಬದಲಿಸುತ್ತಾರೆ, ಆಮೇಲೆ ಟೀವಿಯನ್ನು ಬದಲಿಸುತ್ತಾರೆ. ದೋಷ ಇದ್ದದ್ದು ಆ ಹೆಬ್ಬೆರಳು ಗಾತ್ರದ ತುಣುಕಿನಲ್ಲಿ.

ಹಾಗಾದರೆ ಕೆಲವು ಮನೆಗಳಲ್ಲಿ ಸ್ಪ್ಲಿಟರ್ ಹಾಕಿಯೂ ಚೆನ್ನಾಗಿ ನಡೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ನಿಜ, ನಡೆಯುತ್ತದೆ. ಒಂದು ಸೇವೆಯ ವಾಹಿನಿಗಳೆಲ್ಲ ಒಂದೇ ಬಗೆಯ ಅಲೆಯಲ್ಲಿ, ಒಂದೇ ಪಟ್ಟಿಯಲ್ಲಿ ಬರುತ್ತಿದ್ದರೆ ಎರಡೂ ಬಾಕ್ಸುಗಳು ಒಂದೇ ಅಪ್ಪಣೆ ಕಳಿಸುತ್ತವೆ, ಜಗಳವೇ ಇಲ್ಲ. ಅಲ್ಲಿ ಕರೆಂಟು ದಾಟಲು ಬಿಡುವ ಒಳ್ಳೆಯ ಸ್ಪ್ಲಿಟರ್ ಸಾಕು. ಆದರೆ ಪಕ್ಕದ ಮನೆಯಲ್ಲಿ ನಡೆಯಿತು ಎಂದು ಬೇರೆ ಸೇವೆ ಇರುವ ಮನೆಯಲ್ಲಿ ಅದನ್ನೇ ಹಾಕಿದರೆ ನಡೆಯದು. ಇಬ್ಬರು ಟೆಕ್ನಿಷಿಯನ್‌ಗಳು ಎರಡು ಮಾತು ಹೇಳುವುದು ಇದೇ ಕಾರಣಕ್ಕೆ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿರುತ್ತಾರೆ.

ಎಲ್ಲ ಕಡೆಯೂ ನಡೆಯುವ ದಾರಿ ಎಂದರೆ ಕೋಣೆಗೊಂದು ಬೇರೆ ವೈರು, ತಾರಸಿಯ ಎಲ್‌ಎನ್‌ಬಿಯಿಂದ ನೇರವಾಗಿ. ಎರಡು ಬಾಯಿಯ ಎಲ್‌ಎನ್‌ಬಿ ಸಿಗುತ್ತದೆ, ನಾಲ್ಕು ಬಾಯಿಯದೂ ಎಂಟು ಬಾಯಿಯದೂ ಸಿಗುತ್ತದೆ. ಪ್ರತಿ ಬಾಯಿಯೂ ತನ್ನ ಬಾಕ್ಸಿನ ಅಪ್ಪಣೆಯನ್ನು ಮಾತ್ರ ಕೇಳುತ್ತದೆ. ಹಾಲ್‌ನಲ್ಲಿ ಕ್ರಿಕೆಟ್, ಕೋಣೆಯಲ್ಲಿ ಚಂದನ, ಮಹಡಿಯಲ್ಲಿ ಕಾರ್ಟೂನ್, ಒಂದೇ ತಟ್ಟೆಯಿಂದ. ಆದ್ದರಿಂದ ಎರಡನೇ ಟೀವಿಗೆ ಎರಡನೇ ಡಿಶ್ ಬೇಕು ಎಂದು ಯಾರಾದರೂ ಹೇಳಿದರೆ, ಸೇವೆ ಅದೇ ಆಗಿದ್ದಲ್ಲಿ, ಒಪ್ಪಬೇಕಾಗಿಲ್ಲ. ಬೇಕಿರುವುದು ಎರಡನೇ ಬಾಯಿ. ಈಗಾಗಲೇ ಕಟ್ಟಿದ ಮನೆಯಲ್ಲಿ ಹೊಸ ವೈರು ಎಳೆಯಲು ದಾರಿಯೇ ಇಲ್ಲ ಎನ್ನುವವರಿಗೆ ಯೂನಿಕೇಬಲ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಒಂದೇ ವೈರಿನೊಳಗೆ ಪ್ರತಿ ಬಾಕ್ಸಿಗೂ ಒಂದೊಂದು ಬೇರೆ ಆವರ್ತನ ಗೊತ್ತುಮಾಡಿರುತ್ತಾರೆ. ಯೂರೋಪಿನಲ್ಲಿ ಇದು ಬಹಳ ಬಳಕೆಯಲ್ಲಿದೆ. ಆದರೆ ಬಾಕ್ಸೂ ಅದಕ್ಕೆ ಹೊಂದಬೇಕು. ಕೊಳ್ಳುವ ಮೊದಲು ಸೇವೆಯವರನ್ನು ಕೇಳಲೇಬೇಕು.

ಇನ್ನು ಎರಡೂ ಕೋಣೆಯಲ್ಲಿ ಒಂದೇ ಕಾರ್ಯಕ್ರಮ ಬಂದರೆ ಸಾಕು ಎನ್ನುವ ಮನೆಗಳಿವೆ. ಒಗ್ಗರಣೆ ಹಾಕುತ್ತ ಹಾಲ್‌ನ ಧಾರಾವಾಹಿಯನ್ನೇ ಅಡುಗೆಮನೆಯಲ್ಲೂ ನೋಡುವವರಿಗೆ ಎರಡನೇ ಬಾಕ್ಸಿನ ಖರ್ಚು ಬೇಡ. ಒಂದೇ ಬಾಕ್ಸಿನ ಎಚ್‌ಡಿಎಂಐ ಕಂಡಿಗೆ ಸ್ಪ್ಲಿಟರ್ ಹಾಕಿ ಎರಡು ಟೀವಿಗೆ ಕೊಡಬಹುದು. ಹತ್ತು ಮೀಟರ್ ದಾಟಿದರೆ ಎಚ್‌ಡಿಎಂಐ ವೈರು ಕಾಡುತ್ತದೆ ಎಂಬುದೊಂದು ನೆನಪಿರಲಿ. ಚಾನೆಲ್ ಬದಲಿಸಲು ಹಾಲ್‌ಗೇ ಹೋಗಬೇಕು. ಬೇಡವೆಂದರೆ ರಿಮೋಟಿನ ಕಣ್ಣನ್ನು ಇನ್ನೊಂದು ಕೋಣೆಗೆ ಎಳೆಯುವ ಸಣ್ಣ ಸಾಧನ ಸಿಗುತ್ತದೆ.

ಎರಡು ಬಾಕ್ಸ್ ಇಟ್ಟುಕೊಂಡವರಿಗೆ ಇನ್ನೊಂದು ಅನುಭವ ಆಗುವುದುಂಟು. ಹಾಲ್‌ನಲ್ಲಿ ಸಿಕ್ಸರ್ ಹೋಯಿತೆಂದು ಕೂಗಿದ ಮೇಲೆ ಕೋಣೆಯ ಟೀವಿಯಲ್ಲಿ ಬೌಲರ್ ಓಡಿಬರುತ್ತಿರುತ್ತಾನೆ. ಉಪಗ್ರಹಕ್ಕೆ ಹೋಗಿ ಬರಲು ಸಿಗ್ನಲ್ಲಿಗೆ ಬೇಕಾದದ್ದು ಸುಮಾರು ಕಾಲು ಸೆಕೆಂಡು, ಅದು ಎರಡಕ್ಕೂ ಸಮಾನ. ವ್ಯತ್ಯಾಸ ಬರುವುದು ಬಾಕ್ಸುಗಳು ಚಿತ್ರವನ್ನು ಬಿಡಿಸಿಕೊಳ್ಳುವ ವೇಗದಲ್ಲಿ, ಎಚ್‌ಡಿ ಮತ್ತು ಸಾದಾ ವಾಹಿನಿಗಳ ನಡುವಿನ ಅಂತರದಲ್ಲಿ. ಎರಡೂ ಕಡೆ ಒಂದೇ ಮಾದರಿಯ ಬಾಕ್ಸ್, ಒಂದೇ ಬಗೆಯ ವಾಹಿನಿ ಇದ್ದರೆ ಇದು ತಗ್ಗುತ್ತದೆ.

ವೈರಿನ ಮಾತಿಗೆ ಬರೋಣ. ಡಿಶ್ಶಿಗೆ ಬಳಸುವುದು ಆರ್‌ಜಿ-6 ಎಂಬ 75 ಓಮ್‌ನ ವೈರು. ನಡುವೆ ಒಂದು ಗಟ್ಟಿ ತಂತಿ, ಅದರ ಸುತ್ತ ಬಿಳಿಯ ಫೋಮ್, ಮೇಲೆ ಹಾಳೆ, ಜಾಲರಿ, ಕಡೆಗೆ ಹೊರ ಸಿಪ್ಪೆ. ನೂರು ಮೀಟರ್ ಸಾಗುವಷ್ಟರಲ್ಲಿ ಮೇಲಿನ ಆವರ್ತನದ ಸಿಗ್ನಲ್ ಸಾವಿರದಲ್ಲಿ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಸಾಧಾರಣ ಮನೆಯ ಇಪ್ಪತ್ತು ಮೂವತ್ತು ಮೀಟರಿಗೆ ತೊಂದರೆಯಿಲ್ಲ. ಆದರೆ ದಾರಿಯಲ್ಲಿ ಪ್ರತಿ ಜಾಯಿಂಟೂ ಒಂದಿಷ್ಟು ತಿನ್ನುತ್ತದೆ, ಎರಡು ಕವಲಿನ ಸ್ಪ್ಲಿಟರ್ ಅರ್ಧಕ್ಕಿಂತ ಹೆಚ್ಚು ತಿನ್ನುತ್ತದೆ. ತಾಮ್ರ ಬಳಿದ ಕಬ್ಬಿಣದ ತಂತಿಗಿಂತ ಅಪ್ಪಟ ತಾಮ್ರದ ತಂತಿ, ದೂರದ ಕೋಣೆಗೆ, ಖಂಡಿತ ಒಳ್ಳೆಯದು. ಮೇಲಕ್ಕೆ ಹೋಗುವ ಕರೆಂಟು ಅದರಲ್ಲಿ ಸೊರಗುವುದು ಕಡಿಮೆ. ಹಾಲ್ ಸಾಮಾನ್ಯವಾಗಿ ಡಿಶ್ಶಿಗೆ ಹತ್ತಿರ, ಅಜ್ಜಿಯ ಕೋಣೆ ಹಿತ್ತಿಲ ಕಡೆ. ಹಾಲ್‌ಗೆ ಒಳ್ಳೆಯ ವೈರು ಹಾಕಿ ಉಳಿದ ತುಂಡುಗಳನ್ನು ಗಂಟು ಹಾಕಿ ಹಿಂದಕ್ಕೆ ಎಳೆಯುವುದು ತಲೆಕೆಳಗಾದ ಲೆಕ್ಕ. ಜಾಯಿಂಟಿಲ್ಲದ, ತಾರಸಿಯಿಂದ ಬಾಕ್ಸಿನವರೆಗೆ ಒಂದೇ ತುಂಡಾದ ವೈರು ಸಿಗಬೇಕಾದದ್ದು ಅತಿ ದೂರದ ಕೋಣೆಗೆ.

ಜಾಯಿಂಟು ಅನಿವಾರ್ಯವಾದರೆ ತಂತಿಗೆ ತಂತಿ ಹುರಿಮಾಡಿ ಟೇಪು ಸುತ್ತಬಾರದು. ಎಫ್ ಕನೆಕ್ಟರ್ ಹಾಕಿ ನಡುವೆ ಜೋಡಿಸುವ ತುಂಡು ಬಳಸಬೇಕು. ಕನೆಕ್ಟರ್ ಹಾಕುವಾಗ ಜಾಲರಿಯ ಒಂದು ಕೂದಲೆಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ, ಎಲ್‌ಎನ್‌ಬಿಗೆ ಕರೆಂಟೇ ಹೋಗದು. ಗೋಡೆಯೊಳಗೆ ಹೋಗುವ ಮೊದಲು ವೈರು ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಿ ಒಳಗೆ ನುಗ್ಗುವಂತೆ ಬಿಟ್ಟರೆ ಮಳೆನೀರು ಆ ಜೋತ ಕಡೆಯೇ ತೊಟ್ಟಿಕ್ಕಿ ಹೋಗುತ್ತದೆ. ಇಲ್ಲದಿದ್ದರೆ ನೀರು ವೈರನ್ನೇ ಹಿಡಿದು ಬಾಕ್ಸಿನವರೆಗೆ ಬರುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕೆಟ್ಟುಹೋಗುವ ಬಾಕ್ಸುಗಳಲ್ಲಿ ಹಲವು ಸಾಯುವುದು ಈ ದಾರಿಯಿಂದ. ಎಲ್‌ಎನ್‌ಬಿಯ ಬಳಿ ಕನೆಕ್ಟರಿಗೆ ರಬ್ಬರಿನ ಟೊಪ್ಪಿ ಇರುತ್ತದೆ. ಅದನ್ನು ಹಾಕಿದ್ದಾರೆಯೇ ಎಂದು ನೋಡುವುದು ಮನೆಯವರ ಕೆಲಸ.

ಮನೆ ಕಟ್ಟುತ್ತಿರುವವರಿಗೆ ಇದೆಲ್ಲ ಸುಲಭ. ಗೋಡೆಗೆ ಗಾರೆ ಬಳಿಯುವ ಮುಂಚೆ ತಾರಸಿಯಿಂದ ಪ್ರತಿ ಕೋಣೆಗೂ ಒಂದು 25 ಮಿಲಿಮೀಟರ್ ಪೈಪ್ ಬಿಟ್ಟರಾಯಿತು. ಕರೆಂಟಿನ ವೈರು ಹೋಗುವ ಪೈಪೇ ಬೇಡ, ಬೇರೆಯೇ ಇರಲಿ. ಪೈಪು ಚೂಪಾಗಿ ತಿರುಗದೆ ನಯವಾಗಿ ಬಾಗಲಿ. ಇಂದು ಟೀವಿ ಇಡದ ಕೋಣೆಗೂ ಪೈಪಿರಲಿ. ಹತ್ತು ವರ್ಷದ ಬಳಿಕ ಯಾರು ಆ ಕೋಣೆಯಲ್ಲಿ ಮಲಗುತ್ತಾರೋ, ಎಷ್ಟು ಹೊತ್ತು ಮಲಗಿಯೇ ಇರಬೇಕಾಗುತ್ತದೋ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಥೆ ಬೇರೆ. ಬಾಲ್ಕನಿ ಆಗ್ನೇಯಕ್ಕೋ ದಕ್ಷಿಣಕ್ಕೋ ಇಲ್ಲದವರಿಗೆ ಆಕಾಶವೇ ಇಲ್ಲ. ಉಪಗ್ರಹ ನೆತ್ತಿಯ ಹತ್ತಿರವಿರುವುದು ಇಲ್ಲಿ ಅನುಕೂಲವಲ್ಲ, ಅಡ್ಡಿ. ಮೇಲಿನ ಮಹಡಿಯ ಬಾಲ್ಕನಿಯೇ ಅದನ್ನು ಮರೆಮಾಡುತ್ತದೆ. ಇದಕ್ಕೆ ಪರಿಹಾರ ಸಂಘದವರು ಒಟ್ಟಾಗಿ ಮಾಡಬೇಕಾದದ್ದು. ತಾರಸಿಯಲ್ಲಿ ಒಂದು ದೊಡ್ಡ ಡಿಶ್, ಅದರಿಂದ ನಾಲ್ಕು ಬಗೆಯ ಸಿಗ್ನಲ್ಲಿಗೆ ನಾಲ್ಕು ವೈರು, ಅವು ಮಹಡಿಯ ಶಾಫ್ಟಿನಲ್ಲಿರುವ ಮಲ್ಟಿಸ್ವಿಚ್‌ಗೆ. ಅಲ್ಲಿಂದ ಪ್ರತಿ ಮನೆಯ ಪ್ರತಿ ಕೋಣೆಗೂ ಒಂದೊಂದು. ಒಂದೊಂದು ಕೋಣೆಯ ಬಾಕ್ಸಿಗೂ ತನಗೇ ಒಂದು ಡಿಶ್ ಇದ್ದಂತೆ ಕಾಣುತ್ತದೆ. ಗೋಡೆ ತುಂಬ ತಟ್ಟೆಗಳು ನೇತಾಡುವ ಕಟ್ಟಡಗಳನ್ನು ನೋಡಿದರೆ ಈ ಮಾತು ಸಂಘದ ಸಭೆಗಳಲ್ಲಿ ಇನ್ನೂ ಬರಬೇಕಾಗಿದೆ ಎನಿಸುತ್ತದೆ.

ಈಗ ದುಡ್ಡಿನ ವಿಷಯ. ಎರಡನೇ ಬಾಕ್ಸಿಗೆ ಎರಡನೇ ರೀಚಾರ್ಜ್ ಯಾಕೆ ಎಂದು ಜನ ಕೇಳುತ್ತಾರೆ, ಸರಿಯಾದ ಪ್ರಶ್ನೆ. ವಾಹಿನಿಗಳು ಬೀಗ ಹಾಕಿಕೊಂಡು ಬರುತ್ತವೆ, ಬೀಗದ ಕೈ ಪ್ರತಿ ಬಾಕ್ಸಿನ ಕಾರ್ಡಿನಲ್ಲಿರುತ್ತದೆ. ಒಂದು ಬಾಕ್ಸಿನ ಕೈ ಇನ್ನೊಂದಕ್ಕೆ ಬರುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತಂದ ಹೊಸ ದರ ವ್ಯವಸ್ಥೆ 2019ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಮೊದಲ 100 ವಾಹಿನಿಗಳಿಗೆ ಜಾಲ ಶುಲ್ಕ 130 ರೂಪಾಯಿ ಮೀರಬಾರದೆಂದಾಯಿತು. ತೆರಿಗೆ ಸೇರಿ 153 ರೂಪಾಯಿ 40 ಪೈಸೆ. 2020ರ ಜನವರಿಯ ತಿದ್ದುಪಡಿಯಲ್ಲಿ ಅದೇ ಹಣಕ್ಕೆ 200 ವಾಹಿನಿಗಳು ಎಂದಾಯಿತು. ಒಬ್ಬರ ಹೆಸರಿನಲ್ಲಿ ಒಂದೇ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಟೀವಿ ಇದ್ದರೆ ಎರಡನೆಯದರಿಂದ ಜಾಲ ಶುಲ್ಕ ಮೊದಲನೆಯದರ ಶೇಕಡಾ 40 ಮೀರಬಾರದೆಂಬ ನಿಯಮವೂ ಆಗಲೇ ಬಂತು. ಅಂದರೆ 130ಕ್ಕೆ 52. ಎರಡನೇ ಟೀವಿ ಇರುವ ಮನೆಗಳಿಗೆ ಅದು ದೊಡ್ಡ ಸಮಾಧಾನವಾಗಿತ್ತು. 2024ರ ಜುಲೈಯಲ್ಲಿ ಟ್ರಾಯ್ ಜಾಲ ಶುಲ್ಕದ ಮಿತಿಯನ್ನು ತೆಗೆದು ದರ ಗೊತ್ತುಮಾಡುವುದನ್ನು ಕಂಪನಿಗಳಿಗೇ ಬಿಟ್ಟಿತು. ಹಾಗಾಗಿ ಈಗ ಎರಡನೇ ಬಾಕ್ಸಿಗೆ ಎಷ್ಟು ಎಂದು ತಮ್ಮ ಕಂಪನಿಯನ್ನೇ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಬೇಕು.

ಉಳಿತಾಯ ಇರುವುದು ಪ್ಯಾಕಿನಲ್ಲಿ. ಹಾಲ್‌ಗೆ ಹಾಕಿಸಿದ ಪ್ಯಾಕನ್ನೇ ಕೋಣೆಗೂ ಹಾಕಿಸಿದರೆ ಕ್ರೀಡೆ, ಇಂಗ್ಲಿಷ್ ಸಿನಿಮಾ, ಕಾರ್ಟೂನ್ ಎಲ್ಲಕ್ಕೂ ಎರಡು ಸಲ ಹಣ ಕೊಟ್ಟಂತೆ. ಹಾಲ್‌ನ ಹಣದ ವಾಹಿನಿಗಳು 150 ರೂಪಾಯಿಯವು ಎಂದುಕೊಳ್ಳೋಣ. ಹಳೆಯ ಮಿತಿಯ ಲೆಕ್ಕದಲ್ಲೇ ನೋಡಿದರೂ ಅದೇ ಪ್ಯಾಕನ್ನು ಕೋಣೆಗೂ ಕೊಟ್ಟರೆ ತೆರಿಗೆ ಸೇರಿ 238 ರೂಪಾಯಿ ಆಗುತ್ತದೆ. ಅಜ್ಜಿ ನೋಡುವ ನಾಲ್ಕೈದು ಕನ್ನಡ ವಾಹಿನಿಗಳನ್ನಷ್ಟೇ 40 ರೂಪಾಯಿಗೆ ಆರಿಸಿದರೆ 109 ರೂಪಾಯಿ. ಏನು ನೋಡುತ್ತೀರಿ ಎಂದು ಅಜ್ಜಿಯನ್ನು ಒಮ್ಮೆ ಕೂರಿಸಿಕೊಂಡು ಕೇಳಿದರೆ ಸಾಕು.

ತಿಂಗಳ ಹಣವೇ ಬೇಡ ಎನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಒಮ್ಮೆ ಡಿಶ್ಶಿಗೂ ಬಾಕ್ಸಿಗೂ ಕೊಟ್ಟರೆ ಮುಗಿಯಿತು. ಚಂದನ ಬರುತ್ತದೆ, ಅದರಲ್ಲಿ 2002ರಿಂದ ನಡೆದುಬಂದಿರುವ ‘ಥಟ್ ಅಂತ ಹೇಳಿ’ ಬರುತ್ತದೆ. ಆಕಾಶವಾಣಿಯ ಹತ್ತಾರು ವಾಹಿನಿಗಳೂ ಟೀವಿಯಲ್ಲೇ ಕೇಳಿಸುತ್ತವೆ. ಎಲ್ಲ ಖಾಸಗಿ ಕನ್ನಡ ವಾಹಿನಿಗಳೂ ಅದರಲ್ಲಿಲ್ಲ ಎಂಬುದು ಕೊರತೆ. ಹಾಲ್‌ನಲ್ಲಿ ಬೇರೆ ಸೇವೆ ಇದ್ದು ಅದರ ಉಪಗ್ರಹ ಬೇರೆ ಜಾಗದಲ್ಲಿದ್ದರೆ, ಕೋಣೆಯ ಫ್ರೀ ಡಿಶ್‌ಗೆ ಮಾತ್ರ ಎರಡನೇ ತಟ್ಟೆ ನಿಜಕ್ಕೂ ಬೇಕು.

ಮಳೆಯ ಮಾತು ಬಿಟ್ಟರೆ ಆಗುಂಬೆಯ, ಮಡಿಕೇರಿಯ ಕೇಳುಗರು ಒಪ್ಪಲಾರರು. ಉಪಗ್ರಹದಿಂದ ಬರುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಮಳೆಹನಿಗಳು ಅವನ್ನು ಹೀರುತ್ತವೆ, ಚೆದುರಿಸುತ್ತವೆ. ಜಡಿಮಳೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುವುದು ಇದಕ್ಕೆ. ಹಾಲ್‌ನಲ್ಲಿ ಬರುತ್ತಿದ್ದು ಕೋಣೆಯಲ್ಲಿ ಮಾತ್ರ ನಿಂತರೆ ತಪ್ಪು ಮಳೆಯದಲ್ಲ. ಕೋಣೆಯ ವೈರಿನಲ್ಲಿ ಸಿಗ್ನಲ್ ಮೊದಲೇ ಸೊರಗಿತ್ತು, ಮಳೆ ಅದನ್ನು ಅಂಚಿನಿಂದ ಕೆಳಗೆ ತಳ್ಳಿತು. ಮಲೆನಾಡಿನಲ್ಲಿ 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನ ಡಿಶ್ ಹಾಕಿದರೆ ಸಿಗ್ನಲ್ ಎರಡು ಪಟ್ಟಿಗಿಂತ ಹೆಚ್ಚು ಸಿಗುತ್ತದೆ, ಎಲ್ಲ ಕೋಣೆಗೂ ಅದರ ಲಾಭ. ಗಾಳಿಗೋ ಮಂಗಗಳ ನೆಗೆತಕ್ಕೋ ಡಿಶ್ ಎರಡು ಡಿಗ್ರಿ ಸರಿದರೂ ಚಿತ್ರ ಹೋಗುವುದರಿಂದ ಬೋಲ್ಟುಗಳನ್ನು ಮಳೆಗಾಲಕ್ಕೆ ಮುಂಚೆ ಬಿಗಿಸಿಡಬೇಕು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಡಿಶ್ಶಿನ ಕಂಬಕ್ಕೆ ಅರ್ತ್ ಇರಲಿ. ಮೋಡ ಕವಿದಾಗಲೇ ಬಾಕ್ಸಿನ ಪ್ಲಗ್ಗನ್ನೂ ಹಿಂದಿನ ವೈರನ್ನೂ ಕಳಚಿಡುವುದು ಕ್ಷೇಮ. ಎಲ್ಲ ಕೋಣೆಗಳಲ್ಲೂ ಕಳಚಬೇಕು, ಹಾಲ್‌ನಲ್ಲಿ ಮಾತ್ರ ಕಳಚಿದರೆ ಸಾಲದು.

ಇನ್ನೊಂದು ವಿದ್ಯಮಾನಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಮಾರ್ಚ್ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲಲ್ಲಿ, ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗಿ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಎಲ್ಲ ಕೋಣೆಗಳಲ್ಲೂ ಒಟ್ಟಿಗೇ ಹೋಗುತ್ತದೆ, ತಾನಾಗಿಯೇ ಬರುತ್ತದೆ.

ಇಂಟರ್ನೆಟ್ ಇರುವಾಗ ಇದೆಲ್ಲ ಯಾಕೆ ಎಂಬ ಮಾತಿನಲ್ಲೂ ಹುರುಳಿದೆ. ಹಣ ಕೊಟ್ಟು ನೋಡುವ ಡಿಟಿಎಚ್ ಗ್ರಾಹಕರು 2020ರ ಮಾರ್ಚ್‌ನಲ್ಲಿ ಸುಮಾರು ಏಳು ಕೋಟಿ ಇದ್ದವರು 2024ರ ಮಾರ್ಚ್ ವೇಳೆಗೆ ಆರು ಕೋಟಿ ಇಪ್ಪತ್ತು ಲಕ್ಷದ ಸುತ್ತ ಬಂದರು. ಒಳ್ಳೆಯ ವೈ-ಫೈ ಇರುವ ಮನೆಗೆ ಎರಡನೇ ಕೋಣೆಯಲ್ಲಿ ಸ್ಮಾರ್ಟ್ ಟೀವಿ ಸಾಕಾಗಬಹುದು. ಆದರೆ ಆ್ಯಪು, ಪಾಸ್‌ವರ್ಡು, ಬಾಣದ ಗುರುತುಗಳ ನಡುವೆ ಎಂಬತ್ತರ ಅಜ್ಜ ದಾರಿ ಕಂಡುಕೊಳ್ಳುವುದು ಕಷ್ಟ. ಮೂರು ಅಂಕಿ ಒತ್ತಿದರೆ ವಾರ್ತೆ ಬರುವ ಡಿಶ್ಶಿನ ಸರಳತೆಗೆ ಇನ್ನೂ ಬೆಲೆಯಿದೆ. ಬಾಕ್ಸಿನ ಕೆಲಸ ಟೀವಿಯೊಳಗೇ ಆಗುವಂತೆ ಉಪಗ್ರಹ ಟ್ಯೂನರ್ ಸೇರಿದ ಟೀವಿಗಳಿಗೆ ಭಾರತೀಯ ಮಾನಕ ಸಂಸ್ಥೆ ಐಎಸ್ 18112:2022 ಎಂಬ ಮಾನದಂಡವನ್ನೂ ತಂದಿದೆ. ಅಂಥ ಟೀವಿಗೆ ಡಿಶ್ಶಿನ ವೈರು ಚುಚ್ಚಿದರೆ ಉಚಿತ ವಾಹಿನಿಗಳು ಬಾಕ್ಸಿಲ್ಲದೆ ಬರುತ್ತವೆ, ಎರಡು ರಿಮೋಟಿನ ಗೊಂದಲವೂ ತಪ್ಪುತ್ತದೆ.

ಅಂಥ ಟೀವಿ ಮನೆಗೆ ಬರುವವರೆಗೆ, ಟೆಕ್ನಿಷಿಯನ್ ಏಣಿ ಇಳಿದು ಹೊರಡುವ ಮುಂಚೆ ಮನೆಯವರು ಮಾಡಬೇಕಾದ ಪರೀಕ್ಷೆಯೊಂದಿದೆ. ಎಲ್ಲ ಕೋಣೆಯ ಟೀವಿಗಳನ್ನೂ ಒಟ್ಟಿಗೆ ಹಚ್ಚಿ, ಒಂದೊಂದರಲ್ಲಿ ಒಂದೊಂದು ವಾಹಿನಿ ಇಡಿ. ಹಾಲ್‌ನಲ್ಲಿ ಒಬ್ಬರು ಚಾನೆಲ್‌ಗಳನ್ನು ಬದಲಿಸುತ್ತಾ ಹೋಗಲಿ, ಒಳಗೆ ಒಬ್ಬರು ಚಿತ್ರ ಕದಲುತ್ತದೆಯೇ ನೋಡಲಿ. ಆಮೇಲೆ ಹಾಲ್‌ನ ಬಾಕ್ಸಿನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿ, ಕೋಣೆಯದು ನಡೆಯುತ್ತಿದೆಯೇ ಎಂದು ಕೇಳಿ. ಪ್ರತಿ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಬಲ, ಸಿಗ್ನಲ್ ಗುಣಮಟ್ಟ ಎಂಬ ಎರಡು ಅಂಕಿಗಳಿರುತ್ತವೆ. ಅಂದಿನ ತಾರೀಕಿನೊಂದಿಗೆ ಅವನ್ನು ಚೀಟಿಯಲ್ಲಿ ಬರೆದು ಆಯಾ ಬಾಕ್ಸಿನ ಕೆಳಗೇ ಅಂಟಿಸಿ. ಮುಂದೆ ಚಿತ್ರ ಕೆಟ್ಟ ದಿನ ಎಲ್ಲ ಕೋಣೆಯ ಅಂಕಿಗಳೂ ಇಳಿದಿದ್ದರೆ ನೋಡಬೇಕಾದದ್ದು ಡಿಶ್ಶನ್ನು. ಒಂದೇ ಕೋಣೆಯದು ಇಳಿದಿದ್ದರೆ ಆ ಕೋಣೆಯ ವೈರನ್ನು.